ಕ್ರೀಟ್ ದ್ವೀಪದ ಕುಂಬಾರರ ಊರು ಮಾರ್ಗರೀಟೆಸ್: ಅರ್ಧ ದಿನ ಸಾಕಾ, ಪೂರ್ತಿ ದಿನ ಬೇಕಾ?

ಸುಮಾ_ಜರ್ಮನಿ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅಪ್ಪ, ಅಮ್ಮ ನಮ್ಮಲ್ಲಿಗೆ ಬರುತ್ತಿದ್ದಾರೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಲ್ಲ ಹೋದ ಸಲವೇ ಮುಗಿದಿದೆ. ಈ ಸಲ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗೋಣ ಅಂತಿದ್ದೇವೆ. ರೆಥಿಮ್ನೋ ಪಟ್ಟಣದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಾಗಿದೆ. ಅಲ್ಲಿಗೆ ಹತ್ತಿರದಲ್ಲೇ ಮಾರ್ಗರೀಟೆಸ್ ಅಂತ ಕುಂಬಾರರ ಊರಿದೆಯಂತೆ.

ಅಮ್ಮನಿಗೆ ಮಡಕೆ ಕುಡಿಕೆ ಅಂದರೆ ಜೀವ. ನಮ್ಮ ಮನೆಯಲ್ಲಿ ಮೀನು ಸಾರಿಗೆ ಇವತ್ತಿಗೂ ಮಣ್ಣಿನ ಮಡಕೆಯೇ ಆಗಬೇಕು. ಅಪ್ಪನದು ಬೇರೆಯೇ ದಾರಿ. ಅವರಿಗೆ ಇತಿಹಾಸ ಬೇಕು, ಅಂಗಡಿ ಸುತ್ತುವುದು ಬೇಡ. ಅಮ್ಮನಿಗೆ ಮಂಡಿ ನೋವಿದೆ, ತುಂಬಾ ಹತ್ತಿ ಇಳಿಯಲು ಆಗುವುದಿಲ್ಲ. ಅಪ್ಪ ಸೋಮವಾರ, ಶನಿವಾರ ಮಾಂಸ ಮುಟ್ಟುವುದಿಲ್ಲ. ಇಷ್ಟನ್ನೂ ಸಂಭಾಳಿಸಿಕೊಂಡು ಆ ಊರಿಗೆ ಹೋಗಬಹುದಾ? ಅರ್ಧ ದಿನ ಸಾಕಾ? ಸುತ್ತಮುತ್ತ ಇನ್ನೇನಿದೆ? ಹೋಗಿ ಬಂದವರು ಹೇಳಿ, ಪ್ಲೀಸ್.

ಬೆಣ್ಣೆದೋಸೆ

ನಾನು ಹೋಗಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಬೀದಿ, ಬೀದಿಯ ಎರಡೂ ಕಡೆ ಅಂಗಡಿ. ಬಣ್ಣ ಬಣ್ಣದ ಬಟ್ಟಲು, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ, ಆಲಿವ್ ಇಡುವ ತಟ್ಟೆ. ಟೂರಿಸ್ಟ್ ಬಸ್ಸು ಬಂದರೆ ಕಾಲಿಡಲು ಜಾಗ ಇರುವುದಿಲ್ಲ. ಕುಂಬಾರರ ಊರು ಅಂತ ಹೋಗಿ ಮಡಕೆ ಮಾರುವವರ ಊರು ನೋಡಿಕೊಂಡು ಬಂದ ಹಾಗಾಯಿತು. ಅಷ್ಟು ಸಮಯ ಇದ್ದರೆ ಸಮುದ್ರದ ದಂಡೆಗೆ ಹೋಗಿ.

ದಾರಿಹೋಕ

ಬೆಣ್ಣೆದೋಸೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಬೀದಿಯಲ್ಲಿ ಅಂಗಡಿಗಳೇ ಜಾಸ್ತಿ. ಆದರೆ ಹೇಗೆ ಹೋಗುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಸುಮಾ ಅವರೇ, ಊರು ರೆಥಿಮ್ನೋದಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿದೆ. ಮೊದಲು ಕರಾವಳಿಯ ಹೆದ್ದಾರಿ, ಆಮೇಲೆ ಒಳಗೆ ತಿರುಗಿದರೆ ಆಲಿವ್ ತೋಟಗಳ ನಡುವೆ ಗುಡ್ಡದ ರಸ್ತೆ. ತಿರುವು ಜಾಸ್ತಿ, ಆದರೆ ಚಾರ್ಮಾಡಿ ನೋಡಿದವರಿಗೆ ಏನೂ ಅನ್ನಿಸುವುದಿಲ್ಲ. ಬಸ್ಸಿದೆ, ಆದರೆ ದಿನಕ್ಕೆ ತೀರಾ ಕಡಿಮೆ. ಹಿರಿಯರನ್ನು ಕರೆದುಕೊಂಡು ಹೋಗುವಾಗ ಕಾರೇ ಸರಿ.

ಬೆಳಿಗ್ಗೆ ಬೇಗ ಹೋಗಿ. ಬಸ್ಸಿನ ಗುಂಪುಗಳು ಬರುವುದು ಬಿಸಿಲೇರಿದ ಮೇಲೆ. ಅಷ್ಟರಲ್ಲಿ ನೀವು ಕಾರ್ಖಾನೆ ನೋಡಿ ಮುಗಿಸಿರಬೇಕು. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಹಿಂದೆ ಒಂದು ಕೋಣೆ, ಒಂದು ಚಕ್ರ, ಪಾತ್ರೆ ಸುಡುವ ಒಂದು ಗೂಡು, ಮುಂದೆ ಮಾರಾಟದ ಕಟ್ಟೆ. ಮುಖ್ಯ ಬೀದಿಯ ಅಂಗಡಿಗಳಲ್ಲಿ ಕೆಲವರು ಅಲ್ಲೇ ಮಾಡುತ್ತಾರೆ, ಕೆಲವರು ಬೇರೆಯವರಿಂದ ತಂದು ಮಾರುತ್ತಾರೆ. ಒಳಗೆ ಹೋದ ಕೂಡಲೇ ಬೆಲೆ ಕೇಳಬೇಡಿ. "ಇಲ್ಲೇ ಮಾಡುತ್ತೀರಾ, ನೋಡಬಹುದಾ?" ಅಂತ ಕೇಳಿ. ಮಾಡುವವರಾದರೆ ಮುಖ ಅರಳುತ್ತದೆ. ಮಾಡದವರು ಮಾತು ತಿರುಗಿಸುತ್ತಾರೆ. ಇಷ್ಟೇ ಪರೀಕ್ಷೆ.

ಇನ್ನೊಂದು ವಿಷಯ. ಬಣ್ಣದ ಹೊಳಪಿನ ಬಟ್ಟಲುಗಳು ಇತ್ತೀಚಿನವು. ಊರಿನ ಹಳೆಯ ಕಸುಬು ಹೊಳಪಿಲ್ಲದ ಕೆಂಪು ಮಣ್ಣಿನ ಪಾತ್ರೆ. ಎಣ್ಣೆ, ವೈನ್, ಧಾನ್ಯ ತುಂಬುವ ದೊಡ್ಡ ಗುಡಾಣ, ನೀರಿನ ಹೂಜಿ, ಅಡುಗೆ ಮಡಕೆ. ಗಾಜಿನ ಹೊಳಪು ಹಾಕದೆ, ಅರೆ ಒಣಗಿದ ಪಾತ್ರೆಯನ್ನು ನುಣುಪಾದ ಬೆಣಚುಕಲ್ಲಿನಿಂದ ಉಜ್ಜಿ ಉಜ್ಜಿ ಮಿರುಗುವಂತೆ ಮಾಡುವ ಮನೆಯೊಂದು ಈಗಲೂ ಅಲ್ಲಿದೆ. ಅಮ್ಮನಿಗೆ ಅದನ್ನು ತೋರಿಸಲೇಬೇಕು.

ಕುಂಬಾರಕೇರಿ

ಕಲ್ಲಿನಿಂದ ಉಜ್ಜುವುದು ಅಂದಿದ್ದೀರಲ್ಲ, ಅದಕ್ಕೇ ಬರೆಯಬೇಕು ಅನ್ನಿಸಿತು. ನಮ್ಮದು ಖಾನಾಪುರದ ಕಡೆಯ ಕುಂಬಾರರ ಮನೆ. ನಾನೀಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ತಿಗರಿ (ಕುಂಬಾರರ ಚಕ್ರ) ಮುಟ್ಟಿ ಕಾಲವಾಯಿತು. ಆದರೂ ಮಣ್ಣು ನೋಡಿದರೆ ಕೈ ಸುಮ್ಮನಿರುವುದಿಲ್ಲ.

ನಾವೂ ಹರವಿ, ಗಡಿಗೆಗೆ ಕಾವಿ ಬಳಿದು ಉಜ್ಜುತ್ತೇವೆ. ಉಜ್ಜಿದರೆ ಮಣ್ಣಿನ ಮೇಲಿನ ಸಣ್ಣ ಕಣಗಳು ಒತ್ತಿಕೊಂಡು ಒಂದೇ ದಿಕ್ಕಿಗೆ ಮಲಗುತ್ತವೆ. ಅದರಿಂದ ಹೊಳಪು ಬರುತ್ತದೆ, ನೀರು ಸೋರುವುದೂ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ನಿಲ್ಲಲೂಬಾರದು. ಕುಡಿಯುವ ನೀರಿನ ಪಾತ್ರೆ ಸ್ವಲ್ಪ ಬೆವರಿದರೆ ತಾನೇ ಒಳಗಿನ ನೀರು ತಣ್ಣಗಿರುವುದು?

ದಾರಿಹೋಕರೇ, ಒಂದು ಪ್ರಶ್ನೆ. ಅಲ್ಲಿ ದೊಡ್ಡ ಗುಡಾಣ ಹೇಗೆ ಮಾಡುತ್ತಾರೆ? ನಮ್ಮಲ್ಲಿ ತಿಗರಿಯ ಮೇಲೆ ದಪ್ಪ ಗೋಡೆಯ ಸಣ್ಣ ಪಾತ್ರೆ ಎತ್ತಿ, ಸ್ವಲ್ಪ ಆರಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ದೊಡ್ಡದು ಮಾಡುತ್ತೇವೆ. ತಳ ದುಂಡಗಾಗುವುದು ಹಾಗೆ.

ದಾರಿಹೋಕ

ಒಳ್ಳೆಯ ಪ್ರಶ್ನೆ ಅಣ್ಣ. ಅಲ್ಲಿ ತಟ್ಟುವ ಕೆಲಸವಿಲ್ಲ. ಹಂತ ಹಂತವಾಗಿ ಕಟ್ಟುತ್ತಾರೆ. ಇದಕ್ಕೆ ಹೆಸರಾದದ್ದು ಕ್ರೀಟಿನ ಇನ್ನೊಂದು ಊರು, ಥ್ರಾಪ್ಸಾನೋ. ಹೆರಾಕ್ಲಿಯಾನ್ ನಗರದಿಂದ ಆಗ್ನೇಯಕ್ಕೆ 30 ಕಿ.ಮೀ. ಆಸುಪಾಸು. ದೊಡ್ಡ ಜಾಡಿಗೆ ಅಲ್ಲಿ ಪಿಥಾರಿ ಅನ್ನುತ್ತಾರೆ. ಎದೆಮಟ್ಟ ಬರುವವೂ ಇವೆ, ಆಳೆತ್ತರದವೂ ಇವೆ.

ನೆಲದಲ್ಲಿ ಉದ್ದಕ್ಕೆ ಒಂದು ಕಾಲುವೆ ತೋಡುತ್ತಾರೆ. ಅದರಲ್ಲಿ ಸಾಲಾಗಿ ಹಲವು ತಿಗರಿಗಳು. ಪ್ರತಿಯೊಂದರ ಮೇಲೆ ಒಂದೊಂದು ಪಿಥಾರಿಯ ತಳ. ಮೇಸ್ತ್ರಿ ಮೊದಲನೆಯದರ ಅಂಚಿನ ಮೇಲೆ ಮಣ್ಣಿನ ದಪ್ಪ ಸುರುಳಿ ಸುತ್ತಿ, ಚಕ್ರ ತಿರುಗುತ್ತಿರುವಾಗ ಅದನ್ನು ಮೇಲಕ್ಕೆ ಎಳೆದು ಗೋಡೆ ಮಾಡುತ್ತಾನೆ. ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲನೆಯದು ಬಿಸಿಲಿಗೆ ಗಟ್ಟಿಯಾಗಿರುತ್ತದೆ. ಮತ್ತೆ ಅಲ್ಲಿಂದ ಶುರು. ಹಿಂದೆ ಚಕ್ರ ತಿರುಗಿಸಲು ಬೇರೆ ಆಳು ಇರುತ್ತಿದ್ದ. ಅವನು ಕಾಲುವೆಯೊಳಗೆ ಕೂತು ಕೈಯಿಂದ ತಿರುಗಿಸುತ್ತಿದ್ದ. ಸುರುಳಿ ಕೂಡಿದ ಜಾಗದಲ್ಲಿ ಒಂದು ಪಟ್ಟಿ ಹೊಡೆಯುತ್ತಾರೆ. ನೋಡುವವರಿಗೆ ಅದು ಅಲಂಕಾರ, ಆದರೆ ಬೆಸುಗೆ ಗಟ್ಟಿಯಾಗಿ ನಿಲ್ಲುವುದು ಅದರಿಂದ.

ನನಗೆ ಇದಕ್ಕಿಂತ ಹಿಡಿಸಿದ್ದು ಅವರ ತಿರುಗಾಟದ ಕಥೆ. ಅಷ್ಟು ಭಾರದ ಜಾಡಿಯನ್ನು ಕತ್ತೆಯ ಮೇಲೆ ಗುಡ್ಡ ದಾಟಿಸುವುದು ಯಾರಿಂದ ಸಾಧ್ಯ? ಅದಕ್ಕೆ ಕುಂಬಾರರೇ ಹೊರಡುತ್ತಿದ್ದರು. ಮೇ 21ರ ಕಾನ್‌ಸ್ಟಂಟೈನ್ ಸಂತನ ಹಬ್ಬ ಮುಗಿಸಿ ಥ್ರಾಪ್ಸಾನೋ ಬಿಟ್ಟರೆ ಊರಿಗೆ ವಾಪಸ್ಸಾಗುವುದು ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬಕ್ಕೆ. ಆರು ಜನರ ತಂಡ. ಮೇಸ್ತ್ರಿ, ಅವನ ಕೈಕೆಳಗಿನ ಮೇಸ್ತ್ರಿ, ಚಕ್ರ ತಿರುಗಿಸುವವನು, ಮಣ್ಣು ಅಗೆದು ಕುಟ್ಟಿ ಹದ ಮಾಡುವವನು, ಗೂಡಿನ ಬೆಂಕಿ ನೋಡುವವನು, ನೀರು ಸೌದೆ ಹೊರುವವನು. ಮಣ್ಣು, ನೀರು, ಸೌದೆ ಮೂರೂ ಸಿಗುವ ಕಡೆ ಬೀಡು ಬಿಡುವುದು. ಅಲ್ಲೇ ಗೂಡು ಕಟ್ಟಿ, ಅಲ್ಲೇ ಸುಟ್ಟು, ಸುತ್ತಲ ಹಳ್ಳಿಯವರಿಗೆ ಕೊಡುವುದು. ಎಷ್ಟೋ ಸಲ ಕೂಲಿ ಎಂದರೆ ಎಣ್ಣೆ ಅಥವಾ ಕಾಳು. ಎರಡನೆಯ ಮಹಾಯುದ್ಧ ಕಳೆದ ಮೇಲೆ ತಗಡಿನ ಡಬ್ಬ ಬಂತು, ಹಿಂದೆಯೇ ಪ್ಲಾಸ್ಟಿಕ್ ಬಂತು. ತಿರುಗಾಟ ನಿಂತಿತು.

ಕುಂಬಾರಕೇರಿ

ಆರು ಜನರಲ್ಲಿ ಒಬ್ಬನಿಗೆ ಬೆಂಕಿಯದೇ ಕೆಲಸ. ಸರಿಯಾಗಿದೆ. ತಿಗರಿಯ ಮೇಲೆ ಎಷ್ಟು ಚಂದ ಮಾಡಿದರೂ ಆವಿಗೆಯಲ್ಲಿ ಕೆಟ್ಟರೆ ಮುಗಿಯಿತು. ನಮ್ಮ ಮನೆಯಲ್ಲಿ ಆವಿಗೆಗೆ ಬೆಂಕಿ ಹಾಕಿದ ರಾತ್ರಿ ದೊಡ್ಡವರು ಯಾರೂ ಮಲಗುತ್ತಿರಲಿಲ್ಲ. ಅಲ್ಲಿಯ ಗೂಡು ಹೇಗಿರುತ್ತದೆ?

ದಾರಿಹೋಕ

ದುಂಡಗಿನ ಕಲ್ಲಿನ ಗೂಡು. ಕೆಳಗೆ ಬೆಂಕಿಯ ಕೋಣೆ, ನಡುವೆ ತೂತುಗಳಿರುವ ನೆಲ, ಅದರ ಮೇಲೆ ಪಾತ್ರೆ. ಉರಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೇಲೆ ಒಡೆದ ಬೋಕಿಗಳನ್ನು ಹೊದಿಸುತ್ತಾರೆ. ಆಲಿವ್ ಕೊಂಬೆ, ಮುಳ್ಳು ಪೊದೆ, ಎಣ್ಣೆ ತೆಗೆದ ಆಲಿವ್ ಹಿಂಡಿ ಎಲ್ಲವೂ ಉರುವಲು. ಮಾರ್ಗರೀಟೆಸ್‌ನ ಅಂಚಿನಲ್ಲಿ ಹಳೆಯ ಗೂಡುಗಳು ಉಳಿದಿವೆ, ಕೇಳಿದರೆ ದಾರಿ ತೋರಿಸುತ್ತಾರೆ. ಈಗ ಹೆಚ್ಚಿನವರು ಕರೆಂಟಿನ ಅಥವಾ ಗ್ಯಾಸಿನ ಗೂಡು ಇಟ್ಟುಕೊಂಡಿದ್ದಾರೆ.

ಕುಂಬಾರಕೇರಿ

ಹಾಗಾದರೆ ಅವರದು ಕಟ್ಟಿದ ಗೂಡು. ನಮ್ಮದು ಬಯಲಲ್ಲೇ ಬೆರಣಿ, ಹುಲ್ಲು, ಸೌದೆ ಒಟ್ಟಿ ಮೇಲೆ ಬೂದಿ, ಮಣ್ಣು ಮುಚ್ಚಿ ಸುಡುವುದು. ಕಟ್ಟಿದ ಗೂಡಿನಲ್ಲಿ ಕಾವು ಹೆಚ್ಚು ಏರುತ್ತದೆ, ಹಿಡಿತಕ್ಕೂ ಸಿಗುತ್ತದೆ. ಎಣ್ಣೆ ತುಂಬಿಡುವ ಜಾಡಿಗೆ ಅಷ್ಟು ಸುಡಲೇಬೇಕು, ಇಲ್ಲದಿದ್ದರೆ ಗೋಡೆಯೇ ಎಣ್ಣೆ ಕುಡಿದುಬಿಡುತ್ತದೆ. ನಮ್ಮ ಅಡುಗೆ ಮಡಕೆಗೆ ಅಷ್ಟು ಕಾವು ಬೇಡ. ಕಡಿಮೆ ಸುಟ್ಟು ಸ್ವಲ್ಪ ಸಡಿಲವಾಗಿದ್ದರೇ ಒಲೆಯ ಮೇಲಿನ ಬಿಸಿಗೆ ಬಿರಿಯದೆ ನಿಲ್ಲುತ್ತದೆ.

ಮತ್ತೆ, ಬೆಣ್ಣೆದೋಸೆಯವರ ಮಾತಿಗೆ ಒಂದು. ಮಾರುವವರ ಊರು ಅಂದಿರಿ. ಮಾರದೆ ಕುಂಬಾರ ಬದುಕುವುದು ಹೇಗೆ ಸಾರ್? ನಮ್ಮಜ್ಜ ಸಂತೆಗೆ ಗಡಿಗೆ ಒಯ್ದು ಮಾರುತ್ತಿದ್ದ. ಅಲ್ಲಿ ಸಂತೆಯೇ ಬಸ್ಸು ಹತ್ತಿ ಬರುತ್ತಿದೆ. ಫ್ರಿಜ್ಜಿನ ಬಿಲ್ಲೆ ಮಾರಿದ ದುಡ್ಡಿನಲ್ಲೇ ಹಿಂದಿನ ಕೋಣೆಯ ಚಕ್ರ ತಿರುಗುತ್ತಿರಬಹುದು. ನಮ್ಮ ಕೇರಿಗೆ ಅಂಥ ಒಂದು ಬಸ್ಸಾದರೂ ಬಂದಿದ್ದರೆ ನಾನು ಲ್ಯಾಪ್‌ಟಾಪ್ ಹಿಡಿಯುತ್ತಿದ್ದೆನೋ ಇಲ್ಲವೋ.

ಬೆಣ್ಣೆದೋಸೆ

ಕುಂಬಾರಕೇರಿಯವರೇ, ಮಾರುವುದರ ಮೇಲೆ ನನ್ನ ತಕರಾರಿಲ್ಲ. ಎಲ್ಲೋ ಮಾಡಿದ್ದನ್ನು ಕೈಯಲ್ಲಿ ಮಾಡಿದ್ದು ಅಂತ ಮಾರುತ್ತಾರಲ್ಲ, ಅದಕ್ಕೆ ಸಿಟ್ಟು. ಕರಾವಳಿಯ ಪಟ್ಟಣಗಳಲ್ಲಂತೂ ಅದೇ ಬಟ್ಟಲು ಪ್ರತಿ ಅಂಗಡಿಯಲ್ಲೂ ಇದೆ. ಹತ್ತು ಬಟ್ಟಲು ಸಾಲಾಗಿಟ್ಟರೆ ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಅದು ಕೈಯ ಕೆಲಸವಾ?

ಕುಂಬಾರಕೇರಿ

ಆ ಮಾತು ಒಪ್ಪಿದೆ. ಸುಮಾ ಅಕ್ಕ, ಕೊಳ್ಳುವಾಗ ತಿರುವಿ ತಳ ನೋಡಿ. ಚಕ್ರದಿಂದ ದಾರದಲ್ಲಿ ಕೊಯ್ದು ತೆಗೆದ ಗೆರೆ ಇರುತ್ತದೆ, ಇಲ್ಲವೇ ಕೆತ್ತಿ ಸರಿ ಮಾಡಿದ ಗುರುತು ಇರುತ್ತದೆ. ಒಳಗೆ ಬೆರಳಾಡಿಸಿ, ಬೆರಳಿನ ಉಬ್ಬು ತಗ್ಗು ಸುತ್ತುತ್ತಾ ಮೇಲಕ್ಕೆ ಹೋಗಿರುತ್ತದೆ. ಅಚ್ಚಿನಲ್ಲಿ ಹೊಯ್ದದ್ದಾದರೆ ಸಣ್ಣ ಬೆಸುಗೆ ಗೆರೆ ಕಾಣಬಹುದು. ಆಮೇಲೆ ಅಂಗೈ ಮೇಲಿಟ್ಟು ಗೆಣ್ಣಿನಿಂದ ತಟ್ಟಿ. ಸರಿಯಾಗಿ ಸುಟ್ಟದ್ದು ಠಣ್ ಅನ್ನುತ್ತದೆ. ಸೀಳು ಬಿಟ್ಟಿದ್ದರೆ ಸದ್ದು ಸತ್ತಿರುತ್ತದೆ. ಅಮ್ಮನಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ ಬಿಡಿ. ಮಡಕೆಯಲ್ಲಿ ಮೀನು ಸಾರು ಮಾಡುವವರಿಗೆ ಇದು ಗೊತ್ತಿರುತ್ತದೆ.

ಇತಿಹಾಸಪ್ರಿಯ

ಅಪ್ಪನ ಪರವಾಗಿ ನಾನು ಮಾತಾಡುತ್ತೇನೆ. 😀

ಮಾರ್ಗರೀಟೆಸ್ ಒಂದನ್ನೇ ನೋಡಿ ವಾಪಸ್ಸಾಗಬೇಡಿ. ಅಲ್ಲಿಂದ ಅದೇ ಗುಡ್ಡದ ದಾರಿಯಲ್ಲಿ ಮುಂದೆ ಹೋದರೆ ಎಲೆಫ್ತೆರ್ನಾ, ಅಲ್ಲಿಂದ ಇನ್ನೂ ಸ್ವಲ್ಪ ಹೋದರೆ ಅರ್ಕಾಡಿ ಮಠ. ಅರ್ಕಾಡಿಯಿಂದ ನೇರ ರೆಥಿಮ್ನೋಗೆ ಇಳಿಯಬಹುದು, ಬಂದ ದಾರಿಯಲ್ಲೇ ಹೋಗಬೇಕಿಲ್ಲ.

ಎಲೆಫ್ತೆರ್ನಾ ಪುರಾತನ ನಗರ. ಕ್ರೀಟ್ ವಿಶ್ವವಿದ್ಯಾಲಯದ ನಿಕೋಲಾಸ್ ಸ್ಟಾಂಪೊಲಿಡಿಸ್ 1985ರಿಂದ ಅಲ್ಲಿ ಅಗೆತ ನಡೆಸಿದರು. ಓರ್ತಿ ಪೆತ್ರಾ ಅನ್ನುವ ಸ್ಮಶಾನದಲ್ಲಿ ಕ್ರಿ.ಪೂ. 8ನೇ ಶತಮಾನದ ಚಿತೆಗಳು ಸಿಕ್ಕಿವೆ. ಹೋಮರನ ಕಾವ್ಯದಲ್ಲಿ ವೀರರ ಶವಸಂಸ್ಕಾರದ ವಿವರ ಬರುತ್ತದಲ್ಲ, ಅದನ್ನು ಹೋಲುವ ಚಿತೆಗಳು. ಎಲ್ಲರನ್ನೂ ಸುಡುತ್ತಿರಲಿಲ್ಲ. ದೊಡ್ಡ ಜಾಡಿಯೊಳಗೆ ಇಟ್ಟು ಹೂಳಿದ್ದೂ ಉಂಟು. ಹಾಗಾಗಿ ಅಮ್ಮನ ಮಡಕೆಯೂ ಅಪ್ಪನ ಇತಿಹಾಸವೂ ಇಲ್ಲಿ ಒಂದಾಗುತ್ತವೆ. 2016ರಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆದಿದ್ದಾರೆ. ದೊಡ್ಡದಲ್ಲ, ಆದರೆ ಜೋಡಿಸಿರುವ ರೀತಿ ಚೆನ್ನಾಗಿದೆ. ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳು ಬೆಟ್ಟದ ಮೇಲಿವೆ. ಅಮ್ಮನ ಮಂಡಿಗೆ ಅದು ಬೇಡ, ಅವರು ಮ್ಯೂಸಿಯಂನಲ್ಲೇ ಇರಲಿ.

ಅರ್ಕಾಡಿಯ ಕಥೆ ಗಟ್ಟಿ ಮನಸ್ಸಿನವರಿಗೂ ಕಷ್ಟ. 1866ರ ನವೆಂಬರ್. ಆಟೊಮನ್ ತುರ್ಕರ ಆಳ್ವಿಕೆಯ ವಿರುದ್ಧ ಕ್ರೀಟ್ ದಂಗೆ ಎದ್ದಿತ್ತು. ಮಠದೊಳಗೆ 900ಕ್ಕೂ ಹೆಚ್ಚು ಜನ ಸೇರಿಕೊಂಡಿದ್ದರು. ಅದರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ದೊಡ್ಡ ಸೈನ್ಯ ಮುತ್ತಿಗೆ ಹಾಕಿ ಬಾಗಿಲು ಮುರಿದು ಒಳಗೆ ನುಗ್ಗಿದಾಗ, ಸಿಕ್ಕಿಬೀಳುವ ಬದಲು ಸಾಯೋಣ ಅಂತ ಮದ್ದಿನ ಕೋಣೆಗೆ ಬೆಂಕಿ ಕೊಟ್ಟರು. ಒಳಗಿದ್ದವರಲ್ಲಿ ಹೆಚ್ಚಿನವರು ಸತ್ತರು, ನುಗ್ಗಿದ ಸೈನಿಕರೂ ಸತ್ತರು. ಯುರೋಪಿನಲ್ಲೆಲ್ಲ ಸುದ್ದಿಯಾಯಿತು. ಫ್ರಾನ್ಸಿನ ವಿಕ್ಟರ್ ಹ್ಯೂಗೊ ಕ್ರೀಟಿನವರ ಪರವಾಗಿ ಬರೆದ. ಆ ಮದ್ದಿನ ಕೋಣೆಗೆ ಇವತ್ತಿಗೂ ಚಾವಣಿ ಇಲ್ಲ. 1587ರ ಚರ್ಚಿನ ಮುಂಭಾಗ ಮಾತ್ರ ಎಷ್ಟು ಚಂದ ಅಂದರೆ, ಗ್ರೀಸಿನ ಹಳೆಯ 100 ದ್ರಾಕ್ಮಾ ನೋಟಿನ ಮೇಲೂ ಅರ್ಕಾಡಿ ಇತ್ತು. ಹೊರಗೆ ಹಳೆಯ ಗಾಳಿಗಿರಣಿಯೊಂದರಲ್ಲಿ ಸತ್ತವರ ತಲೆಬುರುಡೆ ಇಟ್ಟಿದ್ದಾರೆ. ಮಕ್ಕಳಿದ್ದರೆ ಮೊದಲೇ ಹೇಳಿಡಿ.

ಪೂರ್ವಕ್ಕೆ ಮೆಲಿಡೋನಿ ಗುಹೆಯೂ ಇದೆ. 1824ರಲ್ಲಿ ಗುಹೆಯೊಳಗೆ ಅಡಗಿದ್ದ ನೂರಾರು ಹಳ್ಳಿಗರನ್ನು ಬಾಯಿಗೆ ಬೆಂಕಿ ಹಾಕಿ ಹೊಗೆಯಿಂದ ಉಸಿರುಗಟ್ಟಿಸಿ ಕೊಂದ ಜಾಗ. ಮೆಟ್ಟಿಲು ಇಳಿಯಬೇಕು. ಒಂದೇ ದಿನ ಅರ್ಕಾಡಿಯನ್ನೂ ಇದನ್ನೂ ನೋಡಿದರೆ ಮನಸ್ಸು ಭಾರವಾಗುತ್ತದೆ. ನನ್ನ ಮಾತು ಕೇಳಿದರೆ ಬಿಟ್ಟುಬಿಡಿ.

ಸುಮಾ_ಜರ್ಮನಿ

ಅಬ್ಬಾ, ಇಷ್ಟೊಂದು ಮಾಹಿತಿ! ಹಾಗಾದರೆ ಪೂರ್ತಿ ದಿನವೇ ಬೇಕು. ಅಪ್ಪನಿಗೆ ಅರ್ಕಾಡಿ ವಿಷಯ ಓದಿ ಹೇಳಿದೆ. "ಮಡಕೆ ಊರು ಬೇಕಾದರೆ ಬೆಳಿಗ್ಗೆ ಬೇಗ ಮುಗಿಸಿಬಿಡಿ" ಅಂದರು! ಅಮ್ಮ ಆ ಕಡೆಯಿಂದ ಏನೋ ಅಂದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಅನುಮಾನ. ಹೆರಾಕ್ಲಿಯಾನ್ ಹತ್ತಿರದ ಪುರಾತನ ಕ್ನೊಸೊಸ್ ಅರಮನೆಗೂ ಹೋಗುತ್ತಿದ್ದೇವೆ. ಅದನ್ನು ಮೊದಲು ನೋಡುವುದಾ, ಮಾರ್ಗರೀಟೆಸ್ ಮೊದಲಾ?

ಇತಿಹಾಸಪ್ರಿಯ

ಕ್ನೊಸೊಸ್ ಮೊದಲು. ಅಲ್ಲಿನ ಉಗ್ರಾಣಗಳಲ್ಲಿ ಸಾಲಾಗಿ ನಿಂತ ಪಿಥಾರಿಗಳನ್ನು ಕಣ್ಣಲ್ಲಿ ತುಂಬಿಕೊಳ್ಳಿ. ಕ್ನೊಸೊಸ್‌ನಲ್ಲಿ ಮೊದಲು ಅಗೆದದ್ದು ಇಂಗ್ಲೆಂಡಿನ ಪುರಾತತ್ವಜ್ಞ ಆರ್ಥರ್ ಇವಾನ್ಸ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅವನು ಶುರು ಮಾಡಿದ್ದು 1900ರಲ್ಲಿ. ಅದಕ್ಕೂ ಮೊದಲು, 1878ರಲ್ಲಿ, ಹೆರಾಕ್ಲಿಯಾನ್‌ನ ಮಿನೋಸ್ ಕಲೋಕೆರಿನೋಸ್ ಅಲ್ಲಿ ಅಗೆದಾಗ ಸಿಕ್ಕಿದ್ದೇ ಈ ದೊಡ್ಡ ಜಾಡಿಗಳು. ಅರಮನೆ ಅಂದರೆ ಸಿಂಹಾಸನ, ಚಿತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದರ ದೊಡ್ಡ ಭಾಗ ಉಗ್ರಾಣ. ಎಣ್ಣೆ, ಕಾಳು, ವೈನ್ ಯಾರ ಕೈಯಲ್ಲಿತ್ತೋ ಅಧಿಕಾರ ಅವರದು.

ಅದರ ಲೆಕ್ಕ ಬರೆದಿದ್ದು ಕೂಡ ಮಣ್ಣಿನ ಹಲಗೆಯ ಮೇಲೆ. ಹಸಿ ಮಣ್ಣಿನ ಮೇಲೆ ಗೀರಿ ಒಣಗಿಸಿ ಇಡುತ್ತಿದ್ದರು, ಸುಡುತ್ತಿರಲಿಲ್ಲ. ಅರಮನೆಗೆ ಬೆಂಕಿ ಬಿದ್ದಾಗ ಆ ಹಲಗೆಗಳು ಸುಟ್ಟು ಗಟ್ಟಿಯಾದವು. ಅದಕ್ಕೇ ನಮ್ಮ ಕಾಲದವರೆಗೆ ಉಳಿದವು. ಹೆರಾಕ್ಲಿಯಾನ್ ಮ್ಯೂಸಿಯಂನಲ್ಲಿ ಅವೂ ಇವೆ. ಕಮಾರೆಸ್ ಶೈಲಿಯ ಬಟ್ಟಲುಗಳೂ ಇವೆ. ಕಪ್ಪು ಮೈಮೇಲೆ ಬಿಳಿ, ಕೆಂಪು ಬಳ್ಳಿ. ಕೆಲವು ಎಷ್ಟು ತೆಳುವಾಗಿವೆ ಅಂದರೆ ಮೊಟ್ಟೆಯ ಸಿಪ್ಪೆ ಅಂತಲೇ ಅವಕ್ಕೆ ಹೆಸರು. ಸುಮಾರು 4000 ವರ್ಷದ ಹಿಂದಿನ ಕೈ! ಅದನ್ನು ನೋಡಿ ಮಾರ್ಗರೀಟೆಸ್‌ಗೆ ಹೋದರೆ ಕಣ್ಣೇ ಬೇರೆಯಾಗಿರುತ್ತದೆ.

ಒಗ್ಗರಣೆ

ಯಾರೂ ಊಟದ ಬಗ್ಗೆ ಮಾತಾಡುತ್ತಿಲ್ಲವಲ್ಲ! ಅಪ್ಪನ ಶನಿವಾರಕ್ಕೆ ಚಿಂತೆ ಬೇಡ. ಗ್ರೀಕರ ಚರ್ಚಿನಲ್ಲೂ ವ್ರತದ ದಿನಗಳು ಬೇಕಾದಷ್ಟಿವೆ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಹೋಟೆಲಿನಲ್ಲಿ "ನಿಸ್ಟಿಸಿಮೊ" ಅಂತ ಕೇಳಿ, ವ್ರತದ ಅಡುಗೆ ಅಂತ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಇದೆ. ಅವರ ವ್ರತದಲ್ಲಿ ಸಿಗಡಿ, ಬೊಂಡಾಸ್ (ಸ್ಕ್ವಿಡ್) ನಡೆಯುತ್ತದೆ. ಅದನ್ನು ಬೇರೆಯಾಗಿ ಬೇಡ ಅನ್ನಬೇಕು.

ಡಾಕೋಸ್ ತಿನ್ನಿ. ಬಾರ್ಲಿಯ ಗಟ್ಟಿ ರಸ್ಕು, ಮೇಲೆ ತುರಿದ ಟೊಮೆಟೊ, ಮೆತ್ತನೆ ಚೀಸ್, ಧಾರಾಳವಾಗಿ ಆಲಿವ್ ಎಣ್ಣೆ. ರಸ ಹೀರಿ ರಸ್ಕು ಮೆತ್ತಗಾಗುವವರೆಗೆ ಕಾಯಿರಿ, ಇಲ್ಲದಿದ್ದರೆ ಅಪ್ಪನ ಹಲ್ಲಿಗೆ ಆಪತ್ತು. ಎಣ್ಣೆಯಲ್ಲಿ ನಿಧಾನವಾಗಿ ಬೆಂದ ಬೀನ್ಸು, ಬೆಂಡೆಕಾಯಿ, ಬದನೆ, ಆಲೂಗಡ್ಡೆ ಸಿಗುತ್ತವೆ. ಬೆಟ್ಟದ ಸೊಪ್ಪು ಬೇಯಿಸಿ ನಿಂಬೆ ಹಿಂಡಿ ಕೊಡುತ್ತಾರೆ, ಅದಕ್ಕೆ ಹೋರ್ತಾ ಅನ್ನುತ್ತಾರೆ. ಅಮ್ಮನಿಗೆ ಅದು ಹಿಡಿಸುತ್ತದೆ. ಟೊಮೆಟೊ, ದೊಣ್ಣೆಮೆಣಸಿನೊಳಗೆ ಅಕ್ಕಿ ತುಂಬಿದ ಗೆಮಿಸ್ತಾ ಆರ್ಡರ್ ಮಾಡುವಾಗ ಮಾತ್ರ ಒಳಗೆ ಕೀಮಾ ಇದೆಯಾ ಅಂತ ಕೇಳಿ. ಖಾರ ಎಲ್ಲೂ ಇಲ್ಲ. ಉಪ್ಪಿನಕಾಯಿ ಬಾಟಲಿ ಕೈಚೀಲದಲ್ಲಿರಲಿ.

ಮಾರ್ಗರೀಟೆಸ್‌ನ ಚೌಕದಲ್ಲಿ ಮರದ ನೆರಳಿನ ಹೋಟೆಲುಗಳಿವೆ, ಕೂತರೆ ಕೆಳಗಿನ ಕಣಿವೆ ಕಾಣುತ್ತದೆ. ಊಟ ಮುಗಿದ ಮೇಲೆ ಕೇಳದೆಯೇ ಸಣ್ಣ ಗ್ಲಾಸಿನಲ್ಲಿ ರಾಕಿ ತಂದಿಡುತ್ತಾರೆ. ದ್ರಾಕ್ಷಿಯ ಸಾರಾಯಿ ಅದು, ಬಿಟ್ಟಿ. ಕಾರು ಓಡಿಸುವವರು ಮುಟ್ಟಬೇಡಿ.

ಇನ್ನೊಂದು ಆಸೆ ಹೇಳಿಬಿಡುತ್ತೇನೆ. ಮಣ್ಣಿನ ಪಾತ್ರೆಯಲ್ಲೇ ಬೆಂದ ಅಡುಗೆ ಬೇಕು ಅಂದರೆ ಯಾವಾಗಲಾದರೂ ಸಿಫ್ನೋಸ್ ದ್ವೀಪಕ್ಕೆ ಹೋಗಿ. ಅದೂ ಕುಂಬಾರರ ದ್ವೀಪವೇ. ಕಡಲೆಕಾಳು, ಈರುಳ್ಳಿ, ಎಣ್ಣೆ ಹಾಕಿ ಮುಚ್ಚಿದ ಮಡಕೆಯನ್ನು ಶನಿವಾರ ರಾತ್ರಿ ಸೌದೆ ಒಲೆಗೆ ಇಡುತ್ತಾರೆ. ಭಾನುವಾರ ಚರ್ಚಿನಿಂದ ಬಂದು ತೆಗೆದು ಉಣ್ಣುವುದು.

ಮಲೆನಾಡ_ಮಳೆ

ನಾವು ಬೆಂಗಳೂರಿನಿಂದ ಸೆಪ್ಟೆಂಬರಿನಲ್ಲಿ ಹೋಗಬೇಕು ಅಂತಿದ್ದೇವೆ. ನಮ್ಮ ಇಂಡಿಯಾ ಲೈಸೆನ್ಸ್ ಅಲ್ಲಿ ನಡೆಯುತ್ತದಾ? ಮತ್ತೆ ಆ ಮಡಕೆಗಳನ್ನು ವಿಮಾನದಲ್ಲಿ ಒಡೆಯದೆ ತರುವುದು ಹೇಗೆ?

ದಾರಿಹೋಕ

ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಹೊರಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಅದಿಲ್ಲದೆ ಕೆಲವು ಕಡೆ ಕಾರು ಕೊಟ್ಟುಬಿಡುತ್ತಾರೆ. ಆದರೆ ಅಪಘಾತವಾದರೆ ಇನ್ಶೂರೆನ್ಸ್ ಕೈಕೊಡುತ್ತದೆ. ಬಲಗಡೆ ಓಡಿಸಬೇಕು. ಗೇರಿನ ಕಾರುಗಳೇ ಜಾಸ್ತಿ. ಆಟೊಮ್ಯಾಟಿಕ್ ಬೇಕಿದ್ದರೆ ಮೊದಲೇ ಬುಕ್ ಮಾಡಿ. ಮಣ್ಣು ರಸ್ತೆಯಲ್ಲಿ ಆದ ಹಾನಿಗೆ ಸಾಮಾನ್ಯವಾಗಿ ಇನ್ಶೂರೆನ್ಸ್ ಇರುವುದಿಲ್ಲ, ಕಾಗದ ಓದಿ ಸಹಿ ಹಾಕಿ.

ಸೆಪ್ಟೆಂಬರ್ ಒಳ್ಳೆಯದೇ. ಜುಲೈ, ಆಗಸ್ಟಿನಲ್ಲಿ ಮಾತ್ರ ಬೇಡ. ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ಚಳಿಗಾಲದಲ್ಲಿ ಅರ್ಧಕ್ಕರ್ಧ ಅಂಗಡಿ ಮುಚ್ಚಿರುತ್ತವೆ.

ಮಡಕೆ ಪ್ಯಾಕಿಂಗ್ ಕುಂಬಾರಕೇರಿಯವರು ಹೇಳಲಿ.

ಕುಂಬಾರಕೇರಿ

ಪಾತ್ರೆಯ ಹೊಟ್ಟೆಯೊಳಗೆ ಮೊದಲು ಸಾಕ್ಸು, ಟೀಶರ್ಟು ಗಿಡಿಯಿರಿ. ಗಿಡಿಯುವುದು ಅಂದರೆ ಬಿಗಿಯಾಗಿ ಅಲ್ಲ, ಅಲುಗದಷ್ಟು. ಒಡೆಯುವುದು ಹೆಚ್ಚಾಗಿ ಕಿವಿ, ಅಂಚು, ಮೂತಿ. ಅವಕ್ಕೆ ಬೇರೆಯಾಗಿ ಬಟ್ಟೆ ಸುತ್ತಿ. ಎರಡು ಪಾತ್ರೆ ಒಂದಕ್ಕೊಂದು ತಾಗಬಾರದು. ಸಣ್ಣದಾದರೆ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕಿದರೆ ದೇವರೇ ಗತಿ. ದೊಡ್ಡದು ಬೇಕೇ ಬೇಕು ಅನ್ನಿಸಿದರೆ ಹಡಗಿನಲ್ಲಿ ಕಳಿಸುತ್ತಾರಾ ಕೇಳಿ. ಸಾಗಣೆ ಖರ್ಚು ಮಡಕೆಗಿಂತ ಜಾಸ್ತಿಯಾದರೆ ಆಶ್ಚರ್ಯವಿಲ್ಲ.

ಸುಮಾ ಅಕ್ಕ, ಅಮ್ಮ ಅಡುಗೆಗೆ ಮಡಕೆ ಕೊಳ್ಳುತ್ತಾರೆ ಅಂತಾದರೆ ಒಂದು ಮಾತು. ಒಲೆಯ ಮೇಲೆ ಇಡುವುದಾ, ಓವನ್ನಿಗಾ, ಬರೀ ಬಡಿಸಲಿಕ್ಕಾ ಅಂತ ಮಾಡಿದವರನ್ನೇ ಕೇಳಿ. ಚಂದ ಕಂಡಿದ್ದೆಲ್ಲ ಬೆಂಕಿಗೆ ಬರುವುದಿಲ್ಲ. ಹೊಳಪಿನದಾದರೆ ಹುಳಿ ಪದಾರ್ಥ ಹಾಕಬಹುದಾ ಅಂತಲೂ ಕೇಳಿ. ಹುಣಸೆಹುಳಿ ಹಾಕಿದ ಮೀನು ಸಾರು ಅಂದರೆ ಸಾಮಾನ್ಯ ಹುಳಿಯಲ್ಲ. ಸೀಸ ಇರುವ ಹೊಳಪಾದರೆ ಹುಳಿಗೆ ಬಿಟ್ಟುಕೊಳ್ಳುತ್ತದೆ. ಜರ್ಮನಿಯ ನಿಮ್ಮ ಮನೆಯಲ್ಲಿ ಗ್ಲಾಸಿನ ಕರೆಂಟ್ ಒಲೆ ಇದ್ದರಂತೂ ಮಣ್ಣಿನ ಮಡಕೆ ಇಡಲೇಬೇಡಿ.

ಬೆಣ್ಣೆದೋಸೆ

ಸರಿ, ನಾನು ಇನ್ನೊಮ್ಮೆ ಕ್ರೀಟ್‌ಗೆ ಹೋದರೆ ಥ್ರಾಪ್ಸಾನೋ ನೋಡುತ್ತೇನೆ. ಅಲ್ಲೂ ಬೀದಿ ತುಂಬಾ ಅಂಗಡಿನಾ?

ದಾರಿಹೋಕ

ಇಲ್ಲ. ಅದು ನಿಮಗೆ ಸರಿಹೊಂದುವ ಊರು. ನೋಡಲು ಚಂದ ಅಂತ ಏನೂ ಇಲ್ಲ. ಶೆಡ್ಡುಗಳು, ಅಂಗಳದಲ್ಲಿ ಸಾಲಾಗಿ ನಿಂತ ದೊಡ್ಡ ಜಾಡಿಗಳು, ಲಾರಿ. ಈಗ ಹೆಚ್ಚಾಗಿ ಮಾಡುವುದು ಹೋಟೆಲು, ತೋಟಗಳಿಗೆ ಅಲಂಕಾರದ ಜಾಡಿ. ಹೊರದೇಶಕ್ಕೂ ಹೋಗುತ್ತವೆ. ಹಿರಿಯರನ್ನು ಕರೆದುಕೊಂಡು ಒಂದೇ ಊರು ನೋಡುವುದಾದರೆ ನಾನು ಮಾರ್ಗರೀಟೆಸ್ ಅನ್ನುತ್ತೇನೆ. ಮಣ್ಣಿನ ಕೆಲಸದ ಹುಚ್ಚಿದ್ದರೆ ಥ್ರಾಪ್ಸಾನೋ. ಕ್ನೊಸೊಸ್‌ಗೆ ಹೋದ ದಿನವೇ ಅದನ್ನೂ ಸೇರಿಸಿಕೊಳ್ಳಬಹುದು.

ಸುಮಾ_ಜರ್ಮನಿ

ಕೊನೆಯ ಪ್ರಶ್ನೆ. ಮಾರ್ಗರೀಟೆಸ್ ಬೀದಿ ಏರು ಇದೆಯಾ? ಅಮ್ಮನ ಮಂಡಿ...

ದಾರಿಹೋಕ

ಇಳಿಜಾರು ಇದೆ, ಬೀದಿಯೂ ಕಿರಿದು. ಕಾರನ್ನು ಒಳಗೆ ನುಗ್ಗಿಸಬೇಡಿ, ಎದುರಿನಿಂದ ಒಂದು ಪಿಕಪ್ ಬಂದರೆ ಹಿಂದೆ ತೆಗೆಯುವುದರಲ್ಲೇ ದಿನ ಹೋಗುತ್ತದೆ. ಅಮ್ಮನನ್ನು ಚೌಕದ ಹತ್ತಿರ ಇಳಿಸಿ, ನೀವು ಊರ ಅಂಚಿನಲ್ಲಿ ನಿಲ್ಲಿಸಿ ನಡೆದು ಬನ್ನಿ. ಚೌಕದ ಆಸುಪಾಸಿನಲ್ಲೇ ಸಾಕಷ್ಟು ಅಂಗಡಿ, ಕಾರ್ಖಾನೆ ಸಿಗುತ್ತವೆ. ಊರ ಹೊರಗಿನ ಕಾರ್ಖಾನೆಗಳಿಗೆ ಕಾರು ಬಾಗಿಲವರೆಗೆ ಹೋಗುತ್ತದೆ. ಕೆಲವರು ಚಕ್ರದ ಮುಂದೆ ಕೂರಿಸಿ ಮಾಡಲೂ ಬಿಡುತ್ತಾರೆ, ಅದಕ್ಕೆ ಮೊದಲೇ ಫೋನ್ ಮಾಡಿ. ಮ್ಯೂಸಿಯಂ ರಜೆಯ ದಿನವನ್ನೂ ನೋಡಿಕೊಂಡು ಹೊರಡಿ.

ಕುಂಬಾರಕೇರಿ

ಅಮ್ಮನನ್ನು ಚಕ್ರದ ಮುಂದೆ ಕೂರಿಸಿ ಅಕ್ಕ, ದುಡ್ಡು ಕೊಟ್ಟರೂ ಪರವಾಗಿಲ್ಲ. ಮತ್ತೆ ನನಗೊಂದು ಉಪಕಾರ. ಅಲ್ಲಿ ತಿಗರಿ ಯಾವ ಕಡೆಗೆ ತಿರುಗುತ್ತದೆ ನೋಡಿ. ನಮ್ಮಜ್ಜ ತಿರುಗಿಸುತ್ತಿದ್ದದ್ದು ಗಡಿಯಾರದ ಮುಳ್ಳು ಹೋಗುವ ಕಡೆಗೆ. ಒಂದು ವಿಡಿಯೊ ಹಾಕಿ.

ಸುಮಾ_ಜರ್ಮನಿ

ಖಂಡಿತ ಹಾಕುತ್ತೇನೆ ಅಣ್ಣ. ಅಪ್ಪನ ಕೈಗೆ ಫೋನ್ ಕೊಟ್ಟರೆ ವಿಡಿಯೊ ತುಂಬಾ ಅವರ ಹೆಬ್ಬೆರಳೇ ಇರುತ್ತದೆ. ನಾನೇ ತೆಗೆಯುತ್ತೇನೆ.